ಬಸ್ಸು ತಡವಾದರೂ ಪೇಪರ್ ಓದಬಹುದು

ಪುನರ್ವಸು ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ಪೇಪರ್ ಬರುವಾಗ ಹನ್ನೊಂದು ಗಂಟೆ. ಬಸ್ಸಿನಿಂದ ಎಸೆದ ಕಟ್ಟು ಅಂಗಡಿ ಜಗಲಿ ಮೇಲೆ ಬಿದ್ದಿರುತ್ತದೆ, ಅಂಚೆಲ್ಲ ಒದ್ದೆ. ಅಪ್ಪಯ್ಯ ಅದನ್ನು ಬಚ್ಚಲೊಲೆ ಮುಂದೆ ಹಿಡಿದು ಒಣಗಿಸಿ, ಅಡಿಕೆ ಧಾರಣೆ ಪುಟ ಬಿಡಿಸುತ್ತಿದ್ದರು. ಈಗ ಅದೇ ಪುಟವನ್ನು ಬೆಳಗಿನ ಕಾಫಿ ಜೊತೆಗೆ ಮೊಬೈಲ್‌ನಲ್ಲೇ ನೋಡುತ್ತಾರೆ. ಕಲಿಸುವುದಕ್ಕೆ ಎರಡು ಭಾನುವಾರ ಹಿಡಿಯಿತು, ಅಷ್ಟೇ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಪತ್ರಿಕೆಯ ವೆಬ್‌ಸೈಟ್ ಬೇರೆ, ಇ-ಪೇಪರ್ ಬೇರೆ. ಇ-ಪೇಪರ್ ಅಂದರೆ ಅಚ್ಚಾದ ಪುಟದ ಪಡಿಯಚ್ಚು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ಬಗೆಗಳ ದರ, ನಾಳೆ ಎಲ್ಲೆಲ್ಲಿ ಕರೆಂಟ್ ಇಲ್ಲ ಎಂಬ ಪ್ರಕಟಣೆ, ಶ್ರದ್ಧಾಂಜಲಿಯ ಫೋಟೊ ಎಲ್ಲ ಇದ್ದ ಜಾಗದಲ್ಲೇ ಸಿಗುತ್ತವೆ. ವೆಬ್‌ಸೈಟಿನಲ್ಲಿ ಇಂಥವನ್ನು ಹುಡುಕುತ್ತಾ ಕೂತರೆ ಕಾಫಿ ಆರುತ್ತದೆ.

ಮೊಬೈಲ್‌ನ ಬ್ರೌಸರ್ ತೆರೆದು ನಿಮ್ಮ ಪತ್ರಿಕೆಯ ಹೆಸರಿನ ಮುಂದೆ ‘ಇ-ಪೇಪರ್’ ಎಂದು ಟೈಪ್ ಮಾಡಿ. ಪತ್ರಿಕೆಯದೇ ವಿಳಾಸ ಹೌದೋ ಅಲ್ಲವೋ ನೋಡಿಕೊಂಡು ಒತ್ತಿ. ಕೆಲವು ಸುಮ್ನೆ ತೆರೆದುಕೊಳ್ಳುತ್ತವೆ. ಕೆಲವು ಮೊಬೈಲ್ ನಂಬರ್ ಕೇಳಿ ಒಟಿಪಿ ಕಳಿಸುತ್ತವೆ, ಇನ್ನು ಕೆಲವಕ್ಕೆ ಚಂದಾ ಕಟ್ಟಬೇಕು. ಒಮ್ಮೆ ತೆರೆದ ಮೇಲೆ ಮೂರು ಚುಕ್ಕಿಯ ಮೆನುವಿಗೆ ಹೋಗಿ ಹೋಂ ಸ್ಕ್ರೀನಿಗೆ ಸೇರಿಸಿಬಿಡಿ. ಮನೆಯ ಹಿರಿಯರಿಗೆ ದಿನಾ ಟೈಪ್ ಮಾಡುವ ಕಷ್ಟ ತಪ್ಪುತ್ತದೆ.

ಹೆಚ್ಚಿನವರು ಎಡವುವುದು ಆವೃತ್ತಿಯಲ್ಲಿ. ತೆರೆದ ಕೂಡಲೇ ಎಷ್ಟೋ ಸಲ ಬೆಂಗಳೂರಿನ ಪುಟಗಳೇ ಬರುತ್ತವೆ. ಅಪ್ಪಯ್ಯ ಮೊದಲ ದಿನ ಬೆಂಗಳೂರಿನ ರಸ್ತೆ ಗುಂಡಿಗಳ ಸುದ್ದಿಯನ್ನೆಲ್ಲ ಓದಿ ಮುಗಿಸಿ, ‘ಇದರಲ್ಲಿ ನಮ್ಮೂರಿದು ಒಂದೂ ಇಲ್ವಲ್ಲ ಮಾರಾಯ’ ಅಂದಿದ್ದರು. ಪುಟದ ಮೇಲ್ಭಾಗದಲ್ಲಿ ಊರುಗಳ ಪಟ್ಟಿ ಇರುತ್ತದೆ, ಅದರಲ್ಲಿ ಶಿವಮೊಗ್ಗ ಆರಿಸಿ. ಕಾಣದಿದ್ದರೆ ಪಕ್ಕದ ಜಿಲ್ಲೆಗಳ ಹೆಸರನ್ನೂ ಒತ್ತಿ ನೋಡಿ. ಸಾಗರ, ಸೊರಬ, ಹೊಸನಗರದ ಸುದ್ದಿ ಒಳಪುಟಗಳಲ್ಲಿರುತ್ತದೆ. ಪಕ್ಕದಲ್ಲೇ ತಾರೀಖೂ ಇರುತ್ತದೆ, ನಿನ್ನೆಯದು ಬೇಕಿದ್ದರೆ ಅಲ್ಲಿ ಬದಲಿಸಿ.

ಅಕ್ಷರ ಇರುವೆ ಸಾಲಿನಂತೆ ಕಾಣುತ್ತದೆ, ಅಲ್ವಾ? ಎರಡು ಬೆರಳಿಟ್ಟು ಅಗಲ ಮಾಡಿ, ಇಲ್ಲವೇ ಫೋನನ್ನು ಅಡ್ಡ ಹಿಡಿಯಿರಿ. ಹಲವು ಇ-ಪೇಪರ್‌ಗಳಲ್ಲಿ ಸುದ್ದಿಯ ಮೇಲೆ ಒಮ್ಮೆ ಒತ್ತಿದರೆ ಅದೊಂದೇ ದೊಡ್ಡದಾಗಿ ತೆರೆದುಕೊಳ್ಳುತ್ತದೆ. ಕಣ್ಣು ಮಂಜಾದವರಿಗೆ ಇದೇ ಸುಲಭ.

ನಮ್ಮ ಕಡೆ ದೊಡ್ಡ ತಲೆನೋವು ಸಿಗ್ನಲ್. ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತದೆ. ಪುಟಗಳು ಹೆಚ್ಚಾಗಿ ಚಿತ್ರಗಳಾಗಿ ತೆರೆದುಕೊಳ್ಳುವುದರಿಂದ ಡೇಟಾ ಜಾಸ್ತಿ ಬೇಕು. ಡೌನ್‌ಲೋಡ್ ಗುರುತು ಇದ್ದರೆ ಸಿಗ್ನಲ್ ಸಿಗುವ ಜಾಗದಲ್ಲಿ ನಿಂತು ಪಿಡಿಎಫ್ ಇಳಿಸಿಕೊಳ್ಳಿ. ನಮ್ಮನೆಯಲ್ಲಿ ಆ ಜಾಗ ದಣಪೆ, ಅಂದರೆ ಬೇಲಿಯ ಗೇಟಿನ ಹತ್ತಿರ. ಆಮೇಲೆ ನೆಟ್ ಇಲ್ಲದೆಯೂ ಓದಬಹುದು.

ಒಂದು ಸುದ್ದಿಯನ್ನು ನೆಂಟರಿಗೆ ಕಳಿಸಬೇಕಾದರೆ ಕತ್ತರಿ ಗುರುತು ಇದ್ದರೆ ಅದನ್ನು ಒತ್ತಿ, ಬೇಕಾದಷ್ಟನ್ನೇ ಕಳಿಸಿ. ಇಡೀ ಪತ್ರಿಕೆಯ ಪಿಡಿಎಫ್ ಅನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಕಾನೂನಿನ ಮಾತು ಹಾಗಿರಲಿ, ಪತ್ರಿಕೆಗಳೂ ಬದುಕಬೇಕಲ್ಲ.

ಇನ್ನೊಂದು ತೊಡಕಿದೆ. ಪಿಡಿಎಫ್‌ನಲ್ಲಿ ಕನ್ನಡ ಪದ ಹಾಕಿ ಹುಡುಕಿದರೆ ಅನೇಕ ಸಲ ಏನೂ ಸಿಗುವುದಿಲ್ಲ. ಪುಟ ಕಟ್ಟಲು ಯೂನಿಕೋಡ್ (ಎಲ್ಲ ಫೋನು, ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೇ ಫಾಂಟ್ ಬಳಸಿದ್ದರೆ, ಕಾಪಿ ಮಾಡಿದ ಸಾಲು ಕೂಡ ಅಡ್ಡಾದಿಡ್ಡಿ ಗುರುತುಗಳಾಗಿ ಬರುತ್ತದೆ. ಹಾಗಾಗಿ ಮುಂದೆ ಬೇಕಾಗುವ ಸುದ್ದಿ ಕಂಡರೆ ತಾರೀಖು, ಪುಟದ ಸಂಖ್ಯೆ ಬರೆದಿಟ್ಟುಕೊಳ್ಳಿ. ಅಪ್ಪಯ್ಯ ಪಂಚಾಂಗದ ಹಿಂದಿನ ರಟ್ಟಿನ ಮೇಲೆ ಅಂಥವನ್ನು ಐದಾರು ಬರೆದಿದ್ದಾರೆ. ಎಲ್ಲವೂ ಅಡಿಕೆ ರೇಟು ಏರಿದ ದಿನಗಳೇ.