ಗೋಡೆಯ ನಕ್ಷೆಯನ್ನು ಮೊದಲು ನೆಲಕ್ಕೆ ಇಳಿಸಿ

ತುಮಕೂರು ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ನಲಿ-ಕಲಿ ಮಕ್ಕಳಿಗೆ, ಅಂದರೆ ಒಂದರಿಂದ ಮೂರನೇ ತರಗತಿಯವರಿಗೆ, ಪಾಠ ಮಾಡುತ್ತೇನೆ. ಉತ್ತರ ಯಾವ ಕಡೆ ಅಂತ ಕೇಳಿದರೆ ಇವರಲ್ಲಿ ಸುಮಾರು ಮಂದಿ ಸೂರಿನ ಕಡೆ ಬೆರಳು ತೋರಿಸುತ್ತಾರೆ. ಅವರದೇನು ತಪ್ಪು? ಗೋಡೆಗೆ ನೇತುಹಾಕಿದ ನಕ್ಷೆಯಲ್ಲಿ ಉತ್ತರ ಮೇಲೇ ಇರುತ್ತದಲ್ವಾ. ಅದಕ್ಕೇ ನಾನು ನಕ್ಷೆ ಪಾಠವನ್ನು ಅಂಗಳದಲ್ಲಿ ಶುರು ಮಾಡುತ್ತೇನೆ, ಕಾಗದ ಪೆನ್ಸಿಲ್ ಎಲ್ಲ ಆಮೇಲೆ.

ಮೊದಲು ಆಟ. ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟಬೇಕು, ಇನ್ನೊಬ್ಬರು ಎದುರಿಗೆ ನಿಂತು 'ನಾಲ್ಕು ಹೆಜ್ಜೆ ಮುಂದೆ ಬಾ, ಈಗ ಎಡಕ್ಕೆ ತಿರುಗು' ಅಂತ ಹೇಳುತ್ತಾ ನಲ್ಲಿಯ ಹತ್ತಿರ ಕರೆತರಬೇಕು. ಒಂದೇ ನಿಮಿಷದಲ್ಲಿ ಜಗಳ ಶುರು. 'ಮಿಸ್, ನಾನು ಎಡಕ್ಕೆ ಅಂದೆ, ಇವನು ಆ ಕಡೆ ಹೋಗ್ತಾನೆ!' ನನಗೆ ಬೇಕಾಗಿದ್ದೂ ಈ ಜಗಳವೇ. ನಿನ್ನ ಎಡ ಬೇರೆ, ಅವನ ಎಡ ಬೇರೆ ಅಂತಾದರೆ ಇಬ್ಬರಿಗೂ ಒಂದೇ ಆಗಿರುವ ಗುರುತು ಯಾವುದು ಅಂತ ಕೇಳುತ್ತೇನೆ, ಮೂಡಣ ಪಡುವಣ ಆಗ ಬರುತ್ತದೆ.

ದಿಕ್ಕಿಗೆ ಒಂದು ಕೋಲು ಸಾಕು. ನೆಲಕ್ಕೆ ನೆಟ್ಟಗೆ ನೆಡಿ, ನೆರಳಿನ ತುದಿಗೆ ಕಲ್ಲಿಡಿ, ಅರ್ಧ ಗಂಟೆ ಬಿಟ್ಟು ಇನ್ನೊಂದು ಕಲ್ಲು. ಮೊದಲ ಕಲ್ಲು ಪಶ್ಚಿಮಕ್ಕೆ, ಎರಡನೆಯದು ಪೂರ್ವಕ್ಕೆ ಬಿದ್ದಿರುತ್ತದೆ; ಸ್ವಲ್ಪ ಹೆಚ್ಚುಕಮ್ಮಿ ಇರಬಹುದು, ಮಕ್ಕಳಿಗೆ ಅಷ್ಟು ಸಾಕು. ಆದರೆ ಮಧ್ಯಾಹ್ನದ ನೆರಳು ಉತ್ತರಕ್ಕೇ ಬೀಳುತ್ತದೆ ಅಂತ ಮಾತ್ರ ಬಾಯಿಪಾಠ ಮಾಡಿಸಬೇಡಿ. ನಮ್ಮ ಕಡೆ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದ ತನಕ ನಡು ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಜೂನ್‌ನಲ್ಲಿ ಶಾಲೆ ಶುರುವಾದಾಗ ಮೋಡ ಇಲ್ಲದ ದಿನ ನೋಡಿ ತೋರಿಸಬಹುದು.

ನಿಜವಾಗಿ ಕಷ್ಟ ಇರುವುದು ಮೇಲಿನಿಂದ ನೋಡುವುದರಲ್ಲಿ. ಮನೆ ಬರಿ ಅಂದರೆ ಬಾಗಿಲು, ಕಿಟಕಿ, ಹೆಂಚು ಎಲ್ಲ ಬರುತ್ತದೆ. ನಾನು ಲೋಟ, ಚಪ್ಪಲಿ, ಬೆಂಕಿಪೊಟ್ಟಣ ನೆಲದ ಮೇಲಿಟ್ಟು ಮಕ್ಕಳನ್ನು ಕಟ್ಟೆ ಮೇಲೆ ನಿಲ್ಲಿಸಿ, ನೇರ ಕೆಳಗೆ ಬಗ್ಗಿ ನೋಡಿ ಸುತ್ತುಗೆರೆ ಮಾತ್ರ ಬರೆಯಿರಿ ಅನ್ನುತ್ತೇನೆ. ಲೋಟ ಬರೀ ಒಂದು ಸೊನ್ನೆ ಆಗಿದ್ದು ನೋಡಿ ನಗುತ್ತಾರೆ. ಅಷ್ಟಾದ ಮೇಲೆ ಶಾಲೆಯ ನಕ್ಷೆ, ಅದೂ ಅಂಗಳದಲ್ಲೇ, ರಂಗೋಲಿ ಪುಡಿಯಲ್ಲಿ. ಕೋಣೆಗಳಿಗೆ ಬೆಂಕಿಪೊಟ್ಟಣ, ಮರಕ್ಕೆ ಹುಣಸೆಬೀಜ, ಕಾಂಪೌಂಡಿಗೆ ದಾರ. ನಕ್ಷೆಯ ಗೇಟು ನಿಜವಾದ ಗೇಟಿನ ಕಡೆಗೇ ಇರಬೇಕು, ಇದೊಂದರಲ್ಲಿ ನಾನು ಹಠ ಮಾಡುತ್ತೇನೆ.

ಗಾತ್ರದ ವಿಷಯದಲ್ಲಿ ಸುಮ್ನೆ ಇದ್ದುಬಿಡುತ್ತೇನೆ. ಸೀಬೆಮರ ಹೆಡ್‌ಮಾಸ್ಟರ್ ಕೋಣೆಗಿಂತ ದೊಡ್ಡದಾಗಿ ಬರುತ್ತದೆ, ಬರಲಿ. ಗೇಟಿನಿಂದ ಮರಕ್ಕೆ ಎಷ್ಟು ಹೆಜ್ಜೆ ಅಂತ ಎಣಿಸುವಾಗ ಒಬ್ಬೊಬ್ಬರದು ಒಂದೊಂದು ಲೆಕ್ಕ ಬಂದು, ಎಲ್ಲರೂ ಒಂದೇ ಕೋಲಿನಿಂದ ಅಳೆಯೋಣ ಅಂತ ಅವರೇ ಕೇಳುತ್ತಾರೆ. ಸ್ಕೇಲು, ಸೆಂಟಿಮೀಟರು ನಾಲ್ಕನೇ ತರಗತಿಯ ಮೇಷ್ಟ್ರು ನೋಡಿಕೊಳ್ಳುತ್ತಾರೆ.