ಕತ್ತರಿ ಎಲ್ಲಿ ಹಾಕಿದಿರಿ?

ಬೇರೆಯವರ ಭಾಷಣ, ಚಿತ್ರಗಳ ತುಣುಕು ಕತ್ತರಿಸಿ ಜೋಡಿಸಿ ಹವಾಮಾನ ಬದಲಾವಣೆಯ ಬಗ್ಗೆ ರೀಮಿಕ್ಸ್ ವಿಡಿಯೋ ಮಾಡುವುದನ್ನು ನಾನು ಕ್ಲಾಸಿನಲ್ಲಿ ಕಲಿಸುತ್ತೇನೆ. ಮೊದಲ ವರ್ಷ ಮಕ್ಕಳು ಮಾಡಿ ತಂದ ವಿಡಿಯೋ ನೋಡಿ ಇಡೀ ಕ್ಲಾಸು ನಕ್ಕಿತ್ತು. 2015ರ ಫೆಬ್ರವರಿ 26ರಂದು ಅಮೆರಿಕದ ಸೆನೆಟರ್ ಜಿಮ್ ಇನ್‌ಹೋಫ್ ಸದನಕ್ಕೆ ಹಿಮದ ಉಂಡೆ ತಂದಿದ್ದರು. ಹೊರಗೆ ಎಷ್ಟು ಚಳಿ ಇದೆ ನೋಡಿ, ಭೂಮಿ ಬಿಸಿಯಾಗುತ್ತಿದೆ ಅನ್ನೋದು ಎಲ್ಲಿ ನಿಜ ಎಂಬ ಧಾಟಿಯಲ್ಲಿ ಉಂಡೆ ಎಸೆದರು. ಆ ತುಣುಕನ್ನು ಮಕ್ಕಳು ಹತ್ತು ಸಲ ಹಿಂದೆ ಮುಂದೆ ಓಡಿಸಿ, ತಾಳ ಸೇರಿಸಿ ಕುಣಿಸಿದ್ದರು. ನಗು ನಿಂತ ಮೇಲೆ ಕೇಳಿದೆ: "ಸರಿ, ಅವರ ವಾದದಲ್ಲಿ ತಪ್ಪೇನು?" ಯಾರೂ ಬಾಯಿ ಬಿಡಲಿಲ್ಲ.

ಅದೇ ತುಣುಕು ಇಟ್ಟುಕೊಂಡು ಮತ್ತೆ ಮಾಡಿ ಎಂದೆ. ಒಬ್ಬ ಹುಡುಗಿ ಅದೇ ತಿಂಗಳ ಜಾಗತಿಕ ಉಷ್ಣತೆಯ ನಕ್ಷೆ ಹುಡುಕಿದಳು. ಉತ್ತರ ಅಮೆರಿಕದ ಪೂರ್ವ ಭಾಗ ಕಡು ನೀಲಿ. ಉಳಿದ ನೆಲದಲ್ಲಿ ಹೆಚ್ಚು ಕಡೆ ಕೆಂಪು. ಹೊಸ ವಿಡಿಯೋದಲ್ಲಿ ಉಂಡೆ ಕೈಬಿಟ್ಟ ಕ್ಷಣ ಚಿತ್ರ ನಿಲ್ಲುತ್ತದೆ, ಸದ್ದೂ ನಿಲ್ಲುತ್ತದೆ. ನೀಲಿ ಮಚ್ಚೆಯಿಂದ ಶುರುವಾಗಿ ನಕ್ಷೆ ನಿಧಾನವಾಗಿ ತೆರೆದುಕೊಳ್ಳುತ್ತದೆ. ಆಮೇಲೆ ಒಂದೇ ಸಾಲು: ಅಲ್ಲಿಯವರೆಗಿನ ದಾಖಲೆಯಲ್ಲಿ ಅತಿ ಬಿಸಿಯಾದ ವರ್ಷ 2015. ಈ ಸಲ ಯಾರೂ ನಗಲಿಲ್ಲ. ಒಂದು ಊರಿನ ಇವತ್ತಿನ ಚಳಿ ಬೇರೆ, ಭೂಮಿಯ ಹವಾಮಾನ ಬೇರೆ ಅನ್ನೋದನ್ನು ಎಲ್ಲರೂ ವಿವರಿಸಬಲ್ಲವರಾಗಿದ್ದರು. ರೀಮಿಕ್ಸ್ ಮೇಲೆ ನನಗೆ ನಂಬಿಕೆ ಬಂದದ್ದು ಅವತ್ತು.

ನಾನೂ ಒಂದು ತಪ್ಪು ಮಾಡಿದ್ದೆ. ಕ್ಲಾಸನ್ನು ಎರಡು ಭಾಗ ಮಾಡಿ, ಹವಾಮಾನ ಬದಲಾವಣೆ ನಿಜ ಅಂತ ಒಂದು ಗುಂಪು, ಸುಳ್ಳು ಅಂತ ಇನ್ನೊಂದು ಗುಂಪು ವಿಡಿಯೋ ಮಾಡಲಿ ಎಂದಿದ್ದೆ. ಚರ್ಚೆ ಅಂದರೆ ಎರಡು ಕಡೆ ಇರಬೇಕಲ್ವಾ ಅನ್ನೋದು ನನ್ನ ಲೆಕ್ಕ. ಆದರೆ ಹಾಗೆ ಸಮ ಪಾಲು ಕೊಟ್ಟರೆ ನೋಡುವವರಿಗೆ ವಿಜ್ಞಾನವೇ ಅರ್ಧಕ್ಕರ್ಧ ಒಡೆದಿದೆ ಅನ್ನಿಸುತ್ತದೆ. ನಾಸಾದ ಹವಾಮಾನ ವಿಜ್ಞಾನಿ ಜೇಮ್ಸ್ ಹ್ಯಾನ್ಸನ್ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಭೂಮಿ ಬಿಸಿಯಾಗುತ್ತಿದೆ ಎಂದು ಸಾಕ್ಷಿ ಹೇಳಿದ್ದು 1988ರ ಜೂನ್ 23ರಂದು. ಹವಾಮಾನ ವಿಜ್ಞಾನವನ್ನು ಒರೆಹಚ್ಚಿ ವರದಿ ಕೊಡುವ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿ ಹುಟ್ಟಿದ್ದೂ ಅದೇ ವರ್ಷ. ಮನುಷ್ಯರೇ ಗಾಳಿ, ಕಡಲು, ನೆಲವನ್ನು ಬಿಸಿ ಮಾಡಿದ್ದಾರೆ, ಅದರಲ್ಲಿ ಅನುಮಾನವೇ ಇಲ್ಲ ಎಂದು 2021ರ ಅದರ ವರದಿ ಹೇಳಿತು. ಈಗ ನಾನು ಕೊಡುವ ಪ್ರಶ್ನೆಗಳೇ ಬೇರೆ. ಖರ್ಚು ಯಾರು ಕೊಡಬೇಕು? ಅಣು ವಿದ್ಯುತ್ ಬೇಕಾ? ಕಲ್ಲಿದ್ದಲು ಗಣಿ ಮುಚ್ಚಿದರೆ ಅಲ್ಲಿ ದುಡಿಯುವವರ ಗತಿ? ಇಲ್ಲಿ ಮಕ್ಕಳು ನಿಜವಾಗಿ ಜಗಳ ಆಡುತ್ತಾರೆ. ಒಳ್ಳೆ ವಿಡಿಯೋ ಹುಟ್ಟೋದು ಆ ಜಗಳದಿಂದಲೇ.

ಕಂಪ್ಯೂಟರ್ ಮುಟ್ಟುವ ಮೊದಲು ನಾವು ಕಾಗದದ ಮೇಲೆ ಎಡಿಟ್ ಮಾಡುತ್ತೇವೆ. ಭಾಷಣವನ್ನು ಪೂರ್ತಿ ಬರೆದುಕೊಂಡು, ಪ್ರಿಂಟ್ ತೆಗೆದು, ನಿಜವಾದ ಕತ್ತರಿಯಲ್ಲಿ ಕತ್ತರಿಸಿ ಟೇಬಲ್ ಮೇಲೆ ಜೋಡಿಸುತ್ತೇವೆ. ಉಳಿದ ಚೂರುಗಳನ್ನು ಎಸೆಯುವ ಹಾಗಿಲ್ಲ. ಇದಕ್ಕೆ ಒಂದು ಕಾರಣ ಇದೆ. ಒಬ್ಬ ಹುಡುಗ ವಿಜ್ಞಾನಿಯೊಬ್ಬರ ಮಾತನ್ನು "ಮಳೆ ಎಲ್ಲಿ ಎಷ್ಟು ಬದಲಾಗುತ್ತದೆ ಎಂದು ಖಚಿತವಾಗಿ ಹೇಳಲಾಗದು" ಎಂಬಲ್ಲಿಗೆ ಕತ್ತರಿಸಿದ್ದ. ಮುಂದಿನ ಪದ "ಆದರೆ". ಅದರ ಮುಂದೆ ಅವರು ಭೂಮಿ ಬಿಸಿಯಾಗುವುದು ಖಚಿತ ಎಂದಿದ್ದರು. ಅವನಿಗೆ ಮೋಸ ಮಾಡುವ ಮನಸ್ಸಿರಲಿಲ್ಲ. ಸುಮ್ನೆ ಅಳತೆಗೆ ಕೂರಲಿ ಅಂತ ಕತ್ತರಿಸಿದ್ದ. ಕಾಗದದ ಚೂರು ಟೇಬಲ್ ಮೇಲೇ ಬಿದ್ದಿತ್ತು. ಅದನ್ನು ಓದಿದ ತಕ್ಷಣ ಅವನ ಮುಖ ಸಣ್ಣದಾಯಿತು.

ಅಂದಿನಿಂದ ಒಂದೇ ನಿಯಮ ಇಟ್ಟಿದ್ದೇನೆ. ಮಾತಾಡಿದವರು ನಮ್ಮ ವಿಡಿಯೋ ನೋಡಿ ಸಿಟ್ಟಾಗಬಹುದು, ಆದರೆ "ನಾನು ಹಾಗೆ ಹೇಳಿಲ್ಲ" ಅನ್ನುವಂತಿರಬಾರದು.

ಗ್ರಾಫಿಗೂ ಇದೇ ನಿಯಮ. 1998ರಲ್ಲಿ, ಪೆಸಿಫಿಕ್ ಕಡಲಿನ ನೀರು ಆಗಾಗ ಬಿಸಿಯೇರುವ ಎಲ್ ನಿನೊ ಜೋರಾಗಿದ್ದರಿಂದ ಭೂಮಿಯ ಉಷ್ಣತೆ ತುಂಬಾ ಏರಿತ್ತು. ಅಲ್ಲಿಂದ ಶುರು ಮಾಡಿ 2012ಕ್ಕೆ ನಿಲ್ಲಿಸಿದರೆ ಗೆರೆ ಹೆಚ್ಚುಕಡಿಮೆ ಮಟ್ಟಸವಾಗಿ ಕಾಣುತ್ತದೆ. ಮಕ್ಕಳಿಗೆ ಈ ತುಂಡು ಗ್ರಾಫ್, ಪೂರ್ತಿ ಗ್ರಾಫ್ ಎರಡನ್ನೂ ಕೊಟ್ಟು, ತುದಿಗಳನ್ನು ಕೈಯಿಂದ ಮುಚ್ಚಿ ತೆಗೆದು ನೋಡಲು ಹೇಳುತ್ತೇನೆ. ಐದು ನಿಮಿಷದ ಕೆಲಸ.

ಇಲ್ಲಿಯವರೆಗೆ ನನಗೆ ಜಾಸ್ತಿ ಇಷ್ಟವಾದದ್ದು ಇಬ್ಬರು ಹುಡುಗಿಯರ ಮಾತು ಜೋಡಿಸಿದ ವಿಡಿಯೋ. 1992ರಲ್ಲಿ ಬ್ರೆಜಿಲ್‌ನಲ್ಲಿ ಪರಿಸರದ ಬಗ್ಗೆ ನಡೆದ ರಿಯೋ ಶೃಂಗಸಭೆಯಲ್ಲಿ ಕೆನಡಾದ 12 ವರ್ಷದ ಸೆವರ್ನ್ ಸುಜುಕಿ ಮಾತಾಡಿದ್ದಳು. 2019ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಸ್ವೀಡನ್ನಿನ 16 ವರ್ಷದ ಗ್ರೇಟಾ ಥನ್‌ಬರ್ಗ್ ಮಾತಾಡಿದಳು. ನಡುವೆ 27 ವರ್ಷ. ಮಕ್ಕಳು ಇವಳದೊಂದು ವಾಕ್ಯ, ಅವಳದೊಂದು ವಾಕ್ಯ ಪೋಣಿಸಿದರು. ಒಬ್ಬಳೇ ಮಾತಾಡುತ್ತಿರುವ ಹಾಗೆ ಕೇಳಿಸಿತು. ಮೂಲೆಯಲ್ಲಿ ಒಂದು ಅಂಕಿ. ಸೆವರ್ನ್ ಬಂದಾಗ 356, ಗ್ರೇಟಾ ಬಂದಾಗ 411. ಹವಾಯಿಯ ಮೌನಾ ಲೋವಾದಲ್ಲಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಶುರು ಮಾಡಿದ ಅಳತೆ ಅದು. ಗಾಳಿಯ ಪ್ರತಿ 10 ಲಕ್ಷ ಅಣುಗಳಲ್ಲಿ ಎಷ್ಟು ಕಾರ್ಬನ್ ಡೈಆಕ್ಸೈಡ್ ಎಂಬ ಲೆಕ್ಕ. ವಿವರಣೆ ಹಾಕಬೇಡಿ ಎಂದು ನಾನೇ ತಡೆದೆ. ಅಂಕಿ ಏರೋದು ನೋಡುವವರಿಗೆ ತಾನಾಗಿ ಕಾಣಬೇಕು.

ಅದರಲ್ಲೂ ಒಂದು ಕಡೆ ಎಡವಿದ್ದರು. ಗ್ರೇಟಾ ಮಾತು ಮುಗಿದ ಕೂಡಲೇ ಒಬ್ಬ ನಾಯಕ ಆಕಳಿಸುವ ಚಿತ್ರ. ಬಹಳ ಚೆನ್ನಾಗಿ ಕೂತಿತ್ತು. ಆದರೆ ಆಕಳಿಕೆ ಬೇರೆ ಸಭೆಯದು, ಬೇರೆ ದಿನದ್ದು. ಒಂದೇ ಮುಖದ ಪಕ್ಕ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ ಇಟ್ಟರೆ ನೋಡುವವರು ಆ ಮುಖದಲ್ಲಿ ಹಸಿವು, ದುಃಖ ಕಾಣುತ್ತಾರೆ. ಸುಮಾರು ನೂರು ವರ್ಷದ ಹಿಂದೆ ರಷ್ಯಾದ ಸಿನಿಮಾ ನಿರ್ದೇಶಕ ಲೆವ್ ಕುಲೆಶೊವ್ ಹೆಸರಿಗೆ ಅಂಟಿಕೊಂಡ ಪ್ರಯೋಗ ಇದು. ಕಥೆ ಹೇಳಿ, "ತೆಗೆಯಿರಿ" ಎಂದೆ. "ಮೇಡಂ, ಅದೊಂದೇ ಶಾಟ್ ಸೂಪರ್ ಇತ್ತು" ಎಂದು ಒಬ್ಬ ತುಂಬಾ ಬೇಜಾರು ಮಾಡಿಕೊಂಡ. ನನಗೂ ಬೇಜಾರಾಯಿತು. ಆದರೂ ತೆಗೆಸಿದೆ.

ಮಾಡಲು ಹೊರಟವರಿಗೆ ಕೆಲವು ಕೆಲಸದ ಮಾತು. ಉದ್ದ 90 ಸೆಕೆಂಡ್ ದಾಟಬಾರದು. ಎಡಿಟಿಂಗಿಗೆ ಓಪನ್‌ಶಾಟ್, ಕೆಡೆನ್‌ಲೈವ್ ಥರದ ಉಚಿತ ಸಾಫ್ಟ್‌ವೇರ್ ಧಾರಾಳ ಸಾಕು. ಪ್ರತಿ ಕ್ಲಿಪ್‌ಗೂ ಯಾರು, ಎಲ್ಲಿ, ಯಾವತ್ತು, ಎಷ್ಟನೇ ನಿಮಿಷ ಎಂದು ಮೊದಲ ದಿನದಿಂದಲೇ ಬರೆದಿಡಿ. ಕೊನೆಗೆ ನೆನಪಿಸಿಕೊಂಡು ಬರೆಯೋದು ಆಗದ ಮಾತು. ನಾಸಾದ ಚಿತ್ರ, ವಿಡಿಯೋಗಳನ್ನು ಬಹುಪಾಲು ಮುಕ್ತವಾಗಿ ಬಳಸಬಹುದು. ಮಾಡಿದವರೇ ಷರತ್ತಿನ ಮೇಲೆ ಬಳಕೆಗೆ ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಕಂಡ ತಕ್ಷಣ ಎತ್ತಿಕೊಳ್ಳಬೇಡಿ. ಅದರಲ್ಲಿ 'ಎನ್‌ಡಿ' ಎಂದಿದ್ದರೆ ಬದಲಾಯಿಸಿದ್ದನ್ನು ಹಂಚಲು ಅನುಮತಿ ಇಲ್ಲ, ರೀಮಿಕ್ಸ್‌ಗೆ ಅದು ಬರೋದಿಲ್ಲ. ನಮಗೆ ತೊಂದರೆ ಬಂದದ್ದು ಸಂಗೀತದಿಂದ. ಹಾಡಿನ ಹಕ್ಕು ನಮ್ಮದಲ್ಲ ಎಂದು ವಿಡಿಯೋ ತಾಣದವರು ಎರಡು ವಿಡಿಯೋಗಳ ಸದ್ದನ್ನೇ ಮುಚ್ಚಿಬಿಟ್ಟರು. ಈಗ ಮಕ್ಕಳು ಬೆಂಚು ತಟ್ಟಿ, ಬಾಟಲಿ ಊದಿ ತಾವೇ ತಾಳ ಮಾಡಿಕೊಳ್ಳುತ್ತಾರೆ. ಹಾಗೇ ಚೆನ್ನಾಗಿರುತ್ತದೆ.

ಆ ಇಬ್ಬರು ಹುಡುಗಿಯರ ವಿಡಿಯೋ ಕೊನೆಯಲ್ಲಿ 'ಈಗಲೇ ಎಚ್ಚೆತ್ತುಕೊಳ್ಳಿ' ಎಂಬ ಸಾಲಿತ್ತು. ತಂಡದ ಒಬ್ಬಳು ಅದನ್ನು ಅಳಿಸಿ, ಖಾಲಿ ಕಪ್ಪು ಪರದೆ ಮೇಲೆ ಆ ವರ್ಷದ ಕಾರ್ಬನ್ ಡೈಆಕ್ಸೈಡ್ ಅಂಕಿ ಮಾತ್ರ ಇಟ್ಟಳು. ಮುಂದಿನವರು ಬದಲಾಯಿಸಿಕೊಳ್ಳಲಿ ಎಂದು ಪ್ರಾಜೆಕ್ಟ್ ಫೈಲನ್ನೂ ಬಿಟ್ಟು ಹೋದಳು. ಪ್ರತಿ ವರ್ಷ ಹೊಸ ತಂಡ ಮೊದಲು ಆ ಫೈಲ್ ತೆರೆದು ಅಂಕಿ ತಿದ್ದುತ್ತದೆ. 2024ರದ್ದಕ್ಕೆ 424 ಎಂದು ಬರೆದಿದ್ದಾರೆ.