ಬರೀ ಬಾಡೂಟದಲ್ಲಿ ವಿಟಮಿನ್ ಲೆಕ್ಕ: ನನ್ನ ಅನುಭವ

ಮುದ್ದೆ, ಅನ್ನ, ಚಪಾತಿ ಬಿಟ್ಟು ಬರೀ ಮಾಂಸ, ಮೊಟ್ಟೆ, ಮೀನು ತಿನ್ನುತ್ತೇನೆ ಅಂದಾಗ ಎಲ್ಲರೂ ಕೇಳಿದ್ದು ಒಂದೇ: "ಸೊಪ್ಪು, ಹಣ್ಣು ಇಲ್ಲದೆ ವಿಟಮಿನ್ ಎಲ್ಲಿಂದ ಬರುತ್ತೆ?" ಕೇಳಬೇಕಾದ ಪ್ರಶ್ನೆಯೇ. ಶುಗರ್ ಮತ್ತು ತೂಕ ಇಳಿಸೋಣ ಅಂತ ಡಾಕ್ಟರಿಗೆ ಹೇಳಿಯೇ ಶುರು ಮಾಡಿದ್ದೆ. ಕೆಲವು ತಿಂಗಳು ನಡೆಸಿದ ಮೇಲೆ ನನಗೆ ಗೊತ್ತಾಗಿದ್ದು, ಎಷ್ಟು ಬಾಡು ತಿಂದೆ ಅನ್ನುವುದಕ್ಕಿಂತ ಯಾವ ಭಾಗ ತಿಂದೆ ಅನ್ನುವುದೇ ಮುಖ್ಯ.

ನಮ್ಮ ಮಂಡ್ಯ ಕಡೆ ಹೊಸತೊಡಕಿಗೆ ನಾಲ್ಕಾರು ಮನೆಯವರು ಸೇರಿ ಮರಿ ಕಡಿಸಿ ಗುಡ್ಡೆ ಹಾಕುತ್ತಾರೆ. ಪ್ರತಿ ಗುಡ್ಡೆಯಲ್ಲೂ ತೊಡೆ, ಮೂಳೆ, ಕೊಬ್ಬು, ಲಿವರ್, ಬೋಟಿ ಎಲ್ಲ ಒಂದೊಂದು ಚೂರು ಇರಲೇಬೇಕು, ಇಲ್ಲದಿದ್ದರೆ ಜಗಳ. ಬೆಂಗಳೂರಿನ ಅಂಗಡಿಯಲ್ಲೂ ನಾನು ಅದೇ ಕೇಳಲು ಶುರು ಮಾಡಿದೆ. ಬೋನ್‌ಲೆಸ್ ಬೇಡ, ಎಲ್ಲ ಮಿಕ್ಸ್ ಹಾಕಪ್ಪ ಅಂತ. ಯಾಕಂದ್ರೆ ಬರೀ ತೊಡೆ ಮಾಂಸದಲ್ಲಿ ಬಿ12, ಸತು, ಕಬ್ಬಿಣ ಧಾರಾಳ. ಆದರೆ ವಿಟಮಿನ್ ಎ ಮತ್ತು ಫೋಲೇಟ್ (ಅಂದರೆ ಬಿ9) ಹೆಸರಿಗೆ ಮಾತ್ರ. ಅವೆರಡೂ ಕೂತಿರುವುದು ಲಿವರ್‌ನಲ್ಲಿ.

ಹಾಗಂತ ದಿನಾ ಲಿವರ್ ಫ್ರೈ ಮಾಡಿಕೊಂಡು ತಿನ್ನುವ ಹಾಗಿಲ್ಲ. ಕುರಿ ಲಿವರ್ 100 ಗ್ರಾಂನಲ್ಲಿ ಸುಮಾರು 7,000 ಮೈಕ್ರೋಗ್ರಾಂ ವಿಟಮಿನ್ ಎ ಇರುತ್ತದೆ. ದೊಡ್ಡವರಿಗೆ ದಿನದ ಮೇಲ್ಮಿತಿ 3,000. ಮಿಕ್ಕಿದ್ದು ಮೂತ್ರದಲ್ಲಿ ಹೋಗುವುದಿಲ್ಲ, ಮೈಯಲ್ಲೇ ಶೇಖರವಾಗುತ್ತದೆ. ಅಂಟಾರ್ಕ್ಟಿಕಾದಲ್ಲಿ ಆಹಾರ ಕಳೆದುಕೊಂಡ ಅನ್ವೇಷಕ ಕ್ಸೇವಿಯರ್ ಮೆರ್ಟ್ಸ್ ಗಾಡಿ ಎಳೆಯುವ ನಾಯಿಗಳ ಲಿವರ್ ತಿಂದು 1913ರಲ್ಲಿ ಸತ್ತದ್ದಕ್ಕೆ ಇದೇ ಕಾರಣ ಅಂತ ಹಲವರ ಅಂದಾಜು. ನಾನು ವಾರಕ್ಕೊಮ್ಮೆ, ಒಂದು ಹಿಡಿಯಷ್ಟಕ್ಕೆ ನಿಲ್ಲಿಸಿದೆ. ಬಸುರಿಯರಂತೂ ಲಿವರ್ ತಂಟೆಗೆ ಹೋಗದಿರುವುದೇ ಒಳ್ಳೆಯದು.

ಇನ್ನು ವಿಟಮಿನ್ ಸಿ. ಈ ಊಟದ ನಿಜವಾದ ತಲೆನೋವು ಇದೇ. ಮೊಟ್ಟೆಯಲ್ಲಿ ಸೊನ್ನೆ. ಬೆಂದ ಮಟನ್‌ನಲ್ಲಿ ಲೆಕ್ಕಕ್ಕಿಲ್ಲ. ಹಸಿ ಕೋಳಿ ಲಿವರ್‌ನಲ್ಲಿ 100 ಗ್ರಾಂಗೆ 18 ಮಿಲಿಗ್ರಾಂ ಆಸುಪಾಸು ಇರುತ್ತದೆ, ಆದರೆ ನಾವು ಬೇಯಿಸುವ ಪರಿಗೆ ಅದರಲ್ಲೂ ಒಂದಷ್ಟು ಹೋಗುತ್ತದೆ. ಬರೀ ಮಾಂಸದ ಪರ ಮಾತಾಡುವವರು ಇಲ್ಲಿ ಅನ್ವೇಷಕ ವಿಲ್ಹಿಯಾಲ್ಮರ್ ಸ್ಟೆಫಾನ್ಸನ್ ಹೆಸರು ತೆಗೆಯುತ್ತಾರೆ. ಉತ್ತರ ಧ್ರುವದ ಕಡೆ ಇನುಯಿಟ್ ಜನರ ಜೊತೆ ಬದುಕಿದವರು. 1928ರಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ವೈದ್ಯರ ಕಣ್ಗಾವಲಿನಲ್ಲಿ ಅವರೂ ಜೊತೆಗಾರ ಕಾರ್ಸ್ಟೆನ್ ಆಂಡರ್ಸನ್ನೂ ವರ್ಷದ ಮಟ್ಟಿಗೆ ಮಾಂಸ ಮಾತ್ರ ತಿಂದರು. ವಿಟಮಿನ್ ಸಿ ಕೊರತೆಯಿಂದ ವಸಡಿನಲ್ಲಿ ರಕ್ತ ಬರುವ ಸ್ಕರ್ವಿ ರೋಗ ಬರಲಿಲ್ಲ. ಆದರೆ ಅವರ ತಟ್ಟೆಯಲ್ಲಿ ಲಿವರ್, ಕಿಡ್ನಿ, ಮೆದುಳು, ಮಜ್ಜೆಯೂ ಇದ್ದವು ಅನ್ನುವುದನ್ನು ಹೇಳುವವರು ಕಡಿಮೆ. ಕೊಬ್ಬಿಲ್ಲದ ಮಾಂಸ ಮಾತ್ರ ಕೊಟ್ಟಾಗ ಸ್ಟೆಫಾನ್ಸನ್‌ಗೆ ಹೊಟ್ಟೆ ಕೆಟ್ಟು, ಕೊಬ್ಬು ಸೇರಿಸಿದ ಮೇಲೆ ಸರಿಹೋಯಿತು. ಚಿಕನ್ ಬ್ರೆಸ್ಟ್ ಒಂದನ್ನೇ ನಂಬಿಕೊಂಡವರು ಇದನ್ನು ಗಮನಿಸಬೇಕು.

ಹಿಟ್ಟು, ಸಕ್ಕರೆ ಬಿಟ್ಟರೆ ವಿಟಮಿನ್ ಸಿ ಕಡಿಮೆ ಸಾಕು ಅನ್ನುವ ವಾದವೂ ಇದೆ. ಗ್ಲೂಕೋಸೂ ವಿಟಮಿನ್ ಸಿಯ ಒಂದು ರೂಪವೂ ಜೀವಕೋಶದೊಳಗೆ ಹೋಗಲು ಪೈಪೋಟಿ ನಡೆಸುತ್ತವಂತೆ. ವಾದ ಚೆನ್ನಾಗಿದೆ. ಆದರೆ ನನ್ನ ವಸಡನ್ನು ಅದರ ಮೇಲೆ ಪಣಕ್ಕಿಡಲು ನಾನು ಒಪ್ಪಲಿಲ್ಲ. ಸ್ಕರ್ವಿ ತಡೆಯಲು ದಿನಕ್ಕೆ 10 ಮಿಲಿಗ್ರಾಂ ಸಾಕು, ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಗಂಡಸರಿಗೆ ಹೇಳುವುದು 80. ಒಂದು ನಿಂಬೆಹಣ್ಣಿನ ರಸದಲ್ಲಿ 15ರಿಂದ 20 ಸಿಗುತ್ತದೆ, ಪಿಷ್ಟ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡುತ್ತಿದ್ದೆ, ಕೊತ್ತಂಬರಿ ಉದುರಿಸುತ್ತಿದ್ದೆ, ಅಪರೂಪಕ್ಕೆ ಒಂದು ನೆಲ್ಲಿಕಾಯಿ. ಕಟ್ಟಾ ಮಾಂಸವಾದಿಗಳು ಇದನ್ನು ಮೋಸ ಅನ್ನುತ್ತಾರೆ. ಅನ್ನಲಿ ಬಿಡಿ.

ವಿಟಮಿನ್ ಬಿ1ಗೆ ಮಾಂಸಗಳಲ್ಲಿ ಹಂದಿ ಮಾಂಸದಷ್ಟು ಒಳ್ಳೆಯದು ಇನ್ನೊಂದಿಲ್ಲ. ಕೊಡಗಿನವರಿಗೆ ಹೇಳಿಕೊಡಬೇಕಾಗಿಲ್ಲ.

ನಾನು ಜಾಸ್ತಿ ತಲೆ ಕೆಡಿಸಿಕೊಂಡಿದ್ದು ವಿಟಮಿನ್ ಅಲ್ಲದ ಒಂದರ ಬಗ್ಗೆ: ಕ್ಯಾಲ್ಸಿಯಂ. ರಾಗಿಯಲ್ಲಿ 100 ಗ್ರಾಂಗೆ 340 ಮಿಲಿಗ್ರಾಂಗಿಂತ ಹೆಚ್ಚು ಇರುತ್ತದೆ. ಮುದ್ದೆ ಬಿಟ್ಟ ದಿನವೇ ಅದು ಹೋಯಿತು. ಕಾಲು ಸೂಪ್ ಕುಡಿದರೆ ಸಾಕಲ್ವಾ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮೂಳೆ ಎಷ್ಟು ಹೊತ್ತು ಕುದಿಸಿದರೂ ಕ್ಯಾಲ್ಸಿಯಂ ನೀರಿಗೆ ಇಳಿಯುವುದು ತೀರಾ ಕಮ್ಮಿ. ಬೂತಾಯಿ ಮೀನನ್ನು ಕುಕ್ಕರ್‌ನಲ್ಲಿ ಮುಳ್ಳು ಮೆತ್ತಗಾಗುವವರೆಗೆ ಬೇಯಿಸಿ, ಮುಳ್ಳಿನ ಸಮೇತ ತಿಂದೆ. ಅದರಲ್ಲಿ ವಿಟಮಿನ್ ಡಿಯೂ ಬಂತು. ಜೊತೆಗೆ ಒಂದು ಬಟ್ಟಲು ಮೊಸರು.

ಕಾಲು ಸೂಪ್ ಉಪಯೋಗಕ್ಕೆ ಬಂದದ್ದು ಉಪ್ಪಿಗೆ. ಪಿಷ್ಟ ನಿಲ್ಲಿಸಿದರೆ ಇನ್ಸುಲಿನ್ ಇಳಿಯುತ್ತದೆ, ಕಿಡ್ನಿ ಸೋಡಿಯಂ ಹೊರಗೆ ಹಾಕುತ್ತದೆ. ಮೊದಲ ವಾರದ ತಲೆನೋವು, ಮೀನಖಂಡ ಹಿಡಿದುಕೊಳ್ಳುವುದು ಹೆಚ್ಚಾಗಿ ಅದರಿಂದ. ಬಿಪಿ ಮಾತ್ರೆ ತಗೊಳ್ಳುವವರು ಉಪ್ಪಿನ ವಿಷಯ ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಶುಗರ್‌ಗೆ ನಾನು ನುಂಗುತ್ತಿದ್ದುದು ಮೆಟ್‌ಫಾರ್ಮಿನ್ ಮಾತ್ರ. ಅದು ಬಿ12 ಇಳಿಸುತ್ತದೆ, ಈ ಊಟದಲ್ಲಿ ಆ ಚಿಂತೆ ಅಷ್ಟಾಗಿ ಇರಲಿಲ್ಲ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತಗೊಳ್ಳುವವರು ಸುಮ್ನೆ ಅನ್ನ ಬಿಟ್ಟರೆ ಶುಗರ್ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್ ತರಹದ ಶುಗರ್ ಮಾತ್ರೆಯಲ್ಲಿ ಕೀಟೋಆಸಿಡೋಸಿಸ್, ಅಂದರೆ ರಕ್ತದಲ್ಲಿ ಆಮ್ಲ ಅಪಾಯದ ಮಟ್ಟಕ್ಕೆ ಏರುವ ಭಯವಿದೆ. ರಕ್ತ ಪರೀಕ್ಷೆಯಲ್ಲಿ ನನ್ನ ಶುಗರ್ ಇಳಿದಿತ್ತು, ಎಲ್‌ಡಿಎಲ್ ಅನ್ನುವ ಕೆಟ್ಟ ಕೊಲೆಸ್ಟ್ರಾಲ್ ಏರಿತ್ತು. ಡಾಕ್ಟರ್ ಮುಖ ಗಂಟಿಕ್ಕಿದರು. ಈಗ ಕೊಬ್ಬು ಸ್ವಲ್ಪ ಕಮ್ಮಿ, ಮೀನು ಜಾಸ್ತಿ, ರಾತ್ರಿ ಊಟಕ್ಕೆ ಸೊಪ್ಪಿನ ಪಲ್ಯ ವಾಪಸ್ ಬಂದಿದೆ. ಮುದ್ದೆ ಇನ್ನೂ ಬಂದಿಲ್ಲ.